ಹೈಸ್ಕೂಲಿಗೆ ಹೆಸರು ಬರುವುದು ಹೇಗೆ: ಬಸವನಗುಡಿ ನ್ಯಾಷನಲ್ ಹೈಸ್ಕೂಲಿನ ಪ್ರಕರಣ

ಹಳೆಯ ಹೈಸ್ಕೂಲೊಂದರ ಬಗ್ಗೆ ಊರಿನಲ್ಲಿ ಯಾರನ್ನು ಕೇಳಿದರೂ ಎರಡರಲ್ಲಿ ಒಂದು ಉತ್ತರ ಬರುತ್ತದೆ. "ಒಳ್ಳೇ ಹೆಸರಿರೋ ಸ್ಕೂಲು ಕಣ್ರೀ" ಅಂತ ಕೆಲವರು. "ಹಿಂದೆ ಚೆನ್ನಾಗಿತ್ತು, ಈಗ ಅಷ್ಟಕ್ಕಷ್ಟೆ" ಅಂತ ಇನ್ನು ಕೆಲವರು. ಇಬ್ಬರೂ ಲೆಕ್ಕ ಹಾಕಿ ಹೇಳಿರುವುದಿಲ್ಲ. ಆದರೂ ಮಗುವನ್ನು ಎಲ್ಲಿ ಸೇರಿಸಬೇಕು ಅನ್ನುವುದು ಇಂಥ ಮಾತಿನ ಮೇಲೇ ತೀರ್ಮಾನವಾಗುತ್ತದೆ. ಹಾಗಾದರೆ ಒಂದು ಶಾಲೆಯ ಹೆಸರು ಯಾವುದರಿಂದ ಬರುತ್ತದೆ? ಕಟ್ಟಡದಿಂದಲಾ, ಫಲಿತಾಂಶದಿಂದಲಾ, ಓದಿ ಹೋದವರಿಂದಲಾ? ಇದನ್ನು ನೋಡಲು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಆರಿಸಿಕೊಂಡಿದ್ದೇನೆ. ನೂರು ವರ್ಷ ದಾಟಿದ ಶಾಲೆ. ಇದರ ಕಥೆಯಲ್ಲಿ ರಾಜಕೀಯ ಇದೆ, ಬಡತನ ಇದೆ, ಒಂದಿಷ್ಟು ಅದೃಷ್ಟವೂ ಇದೆ.

ಹುಟ್ಟಿದ ಹೊತ್ತು

ಶಾಲೆ ಶುರುವಾದದ್ದು 1917ರಲ್ಲಿ. ಹಿಂದೆ ಇದ್ದವರು ಆ್ಯನಿ ಬೆಸೆಂಟ್. ಆ ವರ್ಷ ಅವರ ಬದುಕಿನಲ್ಲಿ ಏನೇನಾಯಿತು ಅಂತ ನೋಡಿದರೆ ಶಾಲೆಗೆ "ನ್ಯಾಷನಲ್" ಅನ್ನುವ ಹೆಸರು ಯಾಕೆ ಬಂತು ಅಂತ ತಾನಾಗಿ ತಿಳಿಯುತ್ತದೆ. ನಮ್ಮ ಆಡಳಿತ ನಮಗೇ ಬೇಕು ಅನ್ನುವ ಅವರ ಹೋಂ ರೂಲ್ ಚಳವಳಿ ಜೋರಾಗಿತ್ತು. ಜೂನ್ ತಿಂಗಳಲ್ಲಿ ಮದ್ರಾಸ್ ಸರ್ಕಾರ ಅವರನ್ನು ಊಟಿಯಲ್ಲಿ ಗೃಹಬಂಧನದಲ್ಲಿಟ್ಟಿತು. ದೇಶದಲ್ಲೆಲ್ಲ ಗಲಾಟೆ ಎದ್ದ ಮೇಲೆ ಸೆಪ್ಟೆಂಬರಿನಲ್ಲಿ ಬಿಟ್ಟಿತು. ಡಿಸೆಂಬರಿನಲ್ಲಿ ಕಲ್ಕತ್ತಾ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷೆ. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವರು. ಬ್ರಿಟಿಷ್ ಸರ್ಕಾರದ ಶಾಲೆಗಳು ಗುಮಾಸ್ತರನ್ನು ತಯಾರು ಮಾಡುತ್ತವೆ, ನಮಗೆ ನಮ್ಮದೇ ಶಿಕ್ಷಣ ಬೇಕು ಅನ್ನುವುದು ಆ ಕಾಲದ ಗಟ್ಟಿ ವಾದ. ಆ ವಾದಕ್ಕೆ ಬಸವನಗುಡಿಯಲ್ಲಿ ಸಿಕ್ಕ ರೂಪ ಈ ಶಾಲೆ.

ಜಾಗವೂ ಹೊಂದಿಕೊಂಡಿತು. 1898ರ ಪ್ಲೇಗ್ ಬೆಂಗಳೂರಿನ ಪೇಟೆಯನ್ನು ಅಲ್ಲಾಡಿಸಿತ್ತು. ಇಕ್ಕಟ್ಟು ಬೀದಿಗಳನ್ನು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳಿಗೆ ಬಂದರು. ಬಂದವರಲ್ಲಿ ಸರ್ಕಾರಿ ನೌಕರರು, ವಕೀಲರು, ಮೇಷ್ಟರುಗಳು ಜಾಸ್ತಿ. ಮಕ್ಕಳನ್ನು ಓದಿಸಲೇಬೇಕು ಅನ್ನುವ ಮನೆಗಳು ಇವು. ಊರಿನಲ್ಲಿ ಹೈಸ್ಕೂಲುಗಳು ಇರಲಿಲ್ಲ ಅಂತಲ್ಲ. ಬ್ರಿಟಿಷರ ದಂಡುಪ್ರದೇಶವಾಗಿದ್ದ ಕಂಟೋನ್ಮೆಂಟ್ ಕಡೆ 1858ರ ಸೇಂಟ್ ಜೋಸೆಫ್ಸ್, 1865ರ ಬಿಷಪ್ ಕಾಟನ್ ಇದ್ದವು. ಅವು ಬೇರೆ ಲೋಕದವು. ಕೋಟೆ ಹತ್ತಿರ 1907ರ ಫೋರ್ಟ್ ಹೈಸ್ಕೂಲ್ ಇತ್ತು. ಹೊಸ ಬಡಾವಣೆಗೆ ತನ್ನದೇ ಅನ್ನುವ ಒಂದು ಹೈಸ್ಕೂಲ್ ಬೇಕಿತ್ತು. ದೊಡ್ಡ ಆದರ್ಶ ಒಂದು ಕಡೆ, ಮನೆಗೆ ಹತ್ತಿರ ಒಳ್ಳೆ ಶಾಲೆ ಬೇಕು ಅನ್ನುವ ಸಣ್ಣ ಅಗತ್ಯ ಇನ್ನೊಂದು ಕಡೆ. ಎರಡೂ ಕೂಡಿಕೊಂಡವು. ಬರೀ ಆದರ್ಶದ ಮೇಲೆ ನಿಂತಿದ್ದರೆ ಶಾಲೆ ಉಳಿಯುತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ.

ಬಂಡಾಯದ ಹೆಸರು, ನಡೆಯುವ ಸರ್ಟಿಫಿಕೇಟು

ಹಾಗೆ ಅನ್ನಿಸಲು ಕಾರಣ ಇದೆ. ಅದೇ ಕಾಲದಲ್ಲಿ, ಅದೇ ಆಸೆಯಿಂದ ಹುಟ್ಟಿದ ಬೇರೆ ಸಂಸ್ಥೆಗಳ ಗತಿ ನೋಡಿ. ಬೆಂಗಳೂರಿನಿಂದ ಅಷ್ಟೇನೂ ದೂರವಿಲ್ಲದ ಮದನಪಲ್ಲಿಯಲ್ಲಿ ಬೆಸೆಂಟ್ ಅವರ ಥಿಯಾಸಫಿಕಲ್ ಕಾಲೇಜು ಇತ್ತು. ಹೋಂ ರೂಲ್ ಗಾಳಿ ಅಲ್ಲಿಗೂ ಬೀಸಿದ್ದೇ ತಡ, ಮದ್ರಾಸ್ ವಿಶ್ವವಿದ್ಯಾಲಯದ ಮಾನ್ಯತೆ ಹೋಯಿತು. ಆಮೇಲೆ ಅದು ಬೆಸೆಂಟ್ ಬಳಗ ಮದ್ರಾಸಿನ ಅಡ್ಯಾರಿನಲ್ಲಿ ಕಟ್ಟಿದ ರಾಷ್ಟ್ರೀಯ ವಿಶ್ವವಿದ್ಯಾಲಯದ ಜೊತೆ ಸೇರಿತು. ಆ ವಿಶ್ವವಿದ್ಯಾಲಯಕ್ಕೆ ರವೀಂದ್ರನಾಥ ಟಾಗೋರರೇ ಕುಲಾಧಿಪತಿ. 1919ರಲ್ಲಿ ಅವರು ಮದನಪಲ್ಲಿಗೆ ಬಂದು, "ಜನ ಗಣ ಮನ"ವನ್ನು ಇಂಗ್ಲಿಷಿಗೆ ತಂದದ್ದು ಅಲ್ಲಿಯೇ. ಇಷ್ಟು ದೊಡ್ಡ ಹೆಸರುಗಳಿದ್ದರೂ ಆ ವಿಶ್ವವಿದ್ಯಾಲಯ ಬಹಳ ಕಾಲ ಬಾಳಲಿಲ್ಲ.

ಅಸಹಕಾರ ಚಳವಳಿಯ ಹೊತ್ತಿಗೆ, ಅಂದರೆ 1920–21ರಲ್ಲಿ, ಸರ್ಕಾರಿ ಶಾಲೆ ಬಿಡಿ ಅಂತ ಗಾಂಧೀಜಿ ಕರೆ ಕೊಟ್ಟರು. ಧಾರವಾಡದ ಕಡೆಯೂ ಸೇರಿದಂತೆ ದೇಶದ ಎಷ್ಟೋ ಊರುಗಳಲ್ಲಿ ರಾಷ್ಟ್ರೀಯ ಶಾಲೆಗಳು ಎದ್ದವು. ಹೆಚ್ಚಿನವು ಕೆಲವೇ ವರ್ಷಗಳಲ್ಲಿ ಮುಚ್ಚಿದವು. ಮೇಷ್ಟರುಗಳಿಗೆ ಸಂಬಳ ಇಲ್ಲ, ಮಕ್ಕಳ ಕೈಯಲ್ಲಿರುವ ಸರ್ಟಿಫಿಕೇಟನ್ನು ಯಾರೂ ಒಪ್ಪುವುದಿಲ್ಲ. ಆವೇಶ ಇಳಿದ ಮೇಲೆ ಅಪ್ಪ ಅಮ್ಮಂದಿರು ಮಕ್ಕಳನ್ನು ಮತ್ತೆ ಹಳೇ ಶಾಲೆಗೇ ಕರೆದುಕೊಂಡು ಹೋದರು. ತಪ್ಪು ಅನ್ನೋಕಾಗಲ್ಲ.

ಬಸವನಗುಡಿಯ ಶಾಲೆ ಇದರಿಂದ ತಪ್ಪಿಸಿಕೊಂಡಿತು. ಅದು ಇದ್ದದ್ದು ಮದ್ರಾಸ್ ಸರ್ಕಾರದ ಕೈಕೆಳಗಲ್ಲ, ಮೈಸೂರು ಸಂಸ್ಥಾನದಲ್ಲಿ. ಆಗ ದಿವಾನರಾಗಿದ್ದವರು ವಿಶ್ವೇಶ್ವರಯ್ಯ. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಗಿತ್ತು, ಓದಿನ ಬಗ್ಗೆ ಸಂಸ್ಥಾನಕ್ಕೇ ಹುರುಪು ಇತ್ತು. ಈ ಶಾಲೆಯಲ್ಲಿ ಓದಿದ ಹುಡುಗ ಮುಂದೆ ಸೆಂಟ್ರಲ್ ಕಾಲೇಜಿಗೆ ಸೇರಬಹುದಿತ್ತು. ಸೇರಿದವರ ಉದಾಹರಣೆ ಇದೆ, ಅವರ ವಿಷಯಕ್ಕೆ ಈಗ ಬರುತ್ತೇನೆ. ಹೆಸರಿನಲ್ಲಿ ಬಂಡಾಯ, ಕೈಗೆ ಕೊಡುವ ಕಾಗದದಲ್ಲಿ ಮಾನ್ಯತೆ. ಬಡ ಮನೆಯ ಹುಡುಗನಿಗೆ ಎರಡೂ ಬೇಕು. ಬರೀ ದೇಶಭಕ್ತಿ ಕಲಿಸಿ ಕಳಿಸಿದರೆ ಅವನ ಮನೆಯ ಒಲೆ ಉರಿಯುವುದಿಲ್ಲ.

ಹೊಸೂರಿನಿಂದ ನಡೆದು ಬಂದ ಹುಡುಗ

ಶಾಲೆಯ ಚರಿತ್ರೆಯಲ್ಲಿ ಎಲ್ಲರಿಗೂ ಗೊತ್ತಿರುವ ಘಟನೆ ಇದು. ಎಚ್. ನರಸಿಂಹಯ್ಯ, ಮುಂದೆ ಎಲ್ಲರ ಬಾಯಲ್ಲಿ ಎಚ್ಚೆನ್, ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರು. ಹುಟ್ಟಿದ್ದು 1920ರ ಜೂನ್ 6. ಮನೆಯಲ್ಲಿ ಕಿತ್ತು ತಿನ್ನುವ ಬಡತನ. ಊರಿನಲ್ಲಿ ಮಿಡಲ್ ಸ್ಕೂಲಿನವರೆಗೆ ಓದಿದರು. ಮುಂದೆ ಓದಬೇಕೆಂದರೆ ಊರು ಬಿಡಬೇಕು. ಊರಿನ ಮೇಷ್ಟರೊಬ್ಬರ ಒತ್ತಾಸೆಯಿಂದ 1935ರಲ್ಲಿ ಬೆಂಗಳೂರಿಗೆ ಹೊರಟರು. ನಡೆದುಕೊಂಡೇ. ಸುಮಾರು 80 ಕಿಲೋಮೀಟರ್, ಎರಡು ದಿನ. ಬಂದು ಸೇರಿದ್ದು ನ್ಯಾಷನಲ್ ಹೈಸ್ಕೂಲಿಗೆ.

ಈ ಕಥೆಯನ್ನು ಭಾಷಣಗಳಲ್ಲಿ ಹುಡುಗನ ಛಲಕ್ಕೆ ಉದಾಹರಣೆಯಾಗಿ ಹೇಳುತ್ತಾರೆ. ಛಲ ಇತ್ತು, ಸರಿ. ಆದರೆ ಶಾಲೆಯ ಕಡೆಯಿಂದ ನೋಡಿದರೆ ಇದರಲ್ಲಿ ಬೇರೆಯೇ ವಿಷಯಗಳು ಕಾಣುತ್ತವೆ.

ಮೊದಲಿಗೆ ದಾರಿ. ಗೌರಿಬಿದನೂರಿಗೆ ಆಗಲೇ ರೈಲು ಇತ್ತು. ಬೆಂಗಳೂರು–ಗುಂತಕಲ್ ಮಾರ್ಗ ಆ ಊರಿನ ಮೇಲೇ ಹೋಗುತ್ತದೆ. ರೈಲು ಇದ್ದೂ ಹುಡುಗ ನಡೆದ, ಯಾಕೆಂದರೆ ದುಡ್ಡಿರಲಿಲ್ಲ. ಸೌಲಭ್ಯ ಇದೆ ಅನ್ನುವುದಕ್ಕೂ ಅದು ಕೈಗೆ ಸಿಗುತ್ತದೆ ಅನ್ನುವುದಕ್ಕೂ ಎಷ್ಟು ದೂರ ಅಂತ ಕೇಳಿದರೆ, ಈ ಪ್ರಕರಣದಲ್ಲಿ ಆ ದೂರ 80 ಕಿಲೋಮೀಟರ್. ಇವತ್ತು ಶಾಲೆಗಳ ಪಟ್ಟಿ ಹಿಡಿದು "ಐದು ಕಿಲೋಮೀಟರಿಗೊಂದು ಹೈಸ್ಕೂಲ್ ಇದೆ" ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಆಮೇಲೆ ಬಾಗಿಲು. ಪಟ್ಟಣದ ಬಡಾವಣೆಯ ಶಾಲೆ ಅದು. ಸುತ್ತ ಇದ್ದವರು ಹೆಚ್ಚಾಗಿ ಮೇಲ್ಜಾತಿಯ, ನೌಕರಿಯಲ್ಲಿದ್ದ ಕುಟುಂಬಗಳು. ಅಲ್ಲಿಗೆ ಹಳ್ಳಿಯಿಂದ, ಹಿಂದುಳಿದ ಜಾತಿಯ, ಕಾಸಿಲ್ಲದ ಹುಡುಗನೊಬ್ಬ ಬರುತ್ತಾನೆ. ಶಾಲೆ ಸೇರಿಸಿಕೊಳ್ಳುತ್ತದೆ. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಅವನಿಗೆ ಎಂಟ್ರೆನ್ಸ್ ಟೆಸ್ಟ್ ಇಲ್ಲ, ಅಪ್ಪ ಅಮ್ಮನ ಇಂಟರ್‌ವ್ಯೂ ಇಲ್ಲ, ಡೊನೇಷನ್ ಇಲ್ಲ. ಈಗಿನ ಎಷ್ಟೋ "ಹೆಸರುವಾಸಿ" ಶಾಲೆಗಳ ಗೇಟಿನಲ್ಲೇ ಆ ಹುಡುಗ ನಿಂತುಬಿಡುತ್ತಿದ್ದ.

ಮೂರನೆಯದು ಊಟ, ವಸತಿ. ಆ ಕಾಲದ ಬೆಂಗಳೂರಿನಲ್ಲಿ ಹೊರಗಿನಿಂದ ಓದಲು ಬಂದ ಬಡ ಹುಡುಗರು ಬದುಕುತ್ತಿದ್ದದ್ದು ವಾರಾನ್ನದ ಮೇಲೆ, ಇಲ್ಲವೇ ಸಮುದಾಯದ ಹಾಸ್ಟೆಲುಗಳಲ್ಲಿ, ಬಡ ವಿದ್ಯಾರ್ಥಿ ನಿಲಯಗಳಲ್ಲಿ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ವಾರಾನ್ನದಲ್ಲಿ ಜಾತಿಯ ಲೆಕ್ಕ ಇತ್ತು, ಅವಮಾನವೂ ಇತ್ತು. ಹಾಸ್ಟೆಲುಗಳಲ್ಲಿ ಅದು ಸ್ವಲ್ಪ ಕಡಿಮೆ. ಅಂತೂ ಊರೇ ಶಾಲೆಯ ಹಿಂದೆ ನಿಂತು ಅನ್ನ ಹಾಕುತ್ತಿತ್ತು. ಶಾಲೆಯ ಹೆಸರಿನಲ್ಲಿ ಈ ಹಾಸ್ಟೆಲುಗಳಿಗೂ ಒಂದು ಪಾಲು ಸಲ್ಲಬೇಕು. ಯಾರೂ ಕೊಡುವುದಿಲ್ಲ, ಅದು ಬೇರೆ ಮಾತು.

ಗಾಂಧೀಜಿಯ ಹಿಂದಿ, ಹುಡುಗನ ಕನ್ನಡ

ಮರುವರ್ಷ 1936. ಗಾಂಧೀಜಿ ವಿಶ್ರಾಂತಿಗೆ ನಂದಿ ಬೆಟ್ಟಕ್ಕೆ ಬಂದಿದ್ದರು, ಅಲ್ಲಿಂದ ಬೆಂಗಳೂರಿಗೂ ಬಂದರು. ನ್ಯಾಷನಲ್ ಹೈಸ್ಕೂಲಿಗೆ ಭೇಟಿ ಕೊಟ್ಟು ಹಿಂದಿಯಲ್ಲಿ ಮಾತಾಡಿದರು. ಅದನ್ನು ಕನ್ನಡದಲ್ಲಿ ಹೇಳುವ ಕೆಲಸ ಶಾಲೆ ಕೊಟ್ಟದ್ದು ನರಸಿಂಹಯ್ಯನವರಿಗೆ. ಹಿಂದಿಯಲ್ಲಿ ಚೆನ್ನಾಗಿದ್ದ ಹುಡುಗ ಅಂತ.

ಹೊಸೂರಿನ ಹುಡುಗನಿಗೆ ಹಿಂದಿ ಬಂದದ್ದಾದರೂ ಎಲ್ಲಿಂದ? ದಕ್ಷಿಣದಲ್ಲಿ ಹಿಂದಿ ಕಲಿಸಲು ಗಾಂಧೀಜಿ 1918ರಲ್ಲಿ ಮದ್ರಾಸಿನಲ್ಲಿ ಹಿಂದಿ ಪ್ರಚಾರ ಸಭೆಯನ್ನು ಶುರು ಮಾಡಿದಾಗ ಉದ್ಘಾಟನೆ ಮಾಡಿದ್ದು ಬೆಸೆಂಟ್ ಅವರೇ. ಆಗ ಹಿಂದಿ ಅಂದರೆ ಸರ್ಕಾರದ ಭಾಷೆಯಲ್ಲ, ಸರ್ಕಾರಕ್ಕೆ ಎದುರಾಗಿದ್ದವರ ಭಾಷೆ. ಈಗಿನ ಹಿಂದಿ ಜಗಳದ ಕನ್ನಡಕ ಹಾಕಿಕೊಂಡು ಅದನ್ನು ನೋಡಿದರೆ ಅರ್ಥವಾಗುವುದಿಲ್ಲ. "ನ್ಯಾಷನಲ್" ಅನ್ನುವ ಬೋರ್ಡು ಹಾಕಿಕೊಂಡ ಶಾಲೆಯಲ್ಲಿ ಹಿಂದಿ ಚೆನ್ನಾಗಿ ಬಲ್ಲ ಹುಡುಗ ಇದ್ದದ್ದು ಕಾಕತಾಳೀಯ ಅಲ್ಲ. ಬೋರ್ಡಿನ ಮೇಲಿದ್ದದ್ದು ಟೈಮ್‌ಟೇಬಲ್ಲಿನಲ್ಲೂ ಇದ್ದಿರಬೇಕು.

ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಆಯ್ಕೆ. ಶಾಲೆಗೆ ದೇಶದ ಅತಿ ದೊಡ್ಡ ಅತಿಥಿ ಬಂದ ದಿನ. ಹೆಡ್‌ಮಾಸ್ಟರೋ, ಊರಿನ ದೊಡ್ಡ ಮನುಷ್ಯರೊಬ್ಬರೋ ಮೈಕಿನ ಮುಂದೆ ನಿಲ್ಲಬಹುದಿತ್ತು. ನಿಂತದ್ದು ಹಿಂದಿನ ವರ್ಷ ಬರಿಗೈಯಲ್ಲಿ ಬಂದ ಹದಿನಾರರ ಹುಡುಗ. ಯಾವ ಮಗುವನ್ನು ಮುಂದೆ ನಿಲ್ಲಿಸುತ್ತಾರೆ ಅನ್ನುವುದರಲ್ಲಿ ಶಾಲೆಯ ಗುಣ ಕಾಣುತ್ತದೆ. ಆ ಕಾಲದಲ್ಲಿ ಈ ಶಾಲೆಯ ಹೆಡ್‌ಮಾಸ್ಟರ್ ಅಂದರೆ ಕೆ. ಸಂಪದ್ಗಿರಿರಾವ್ ಅವರ ಹೆಸರು ಮೊದಲು ಬರುತ್ತದೆ. ಗಾಂಧಿ ದಾರಿಯ ಮನುಷ್ಯ. ಎಚ್ಚೆನ್ ಜೀವನವಿಡೀ ಅವರನ್ನು ನೆನೆಯುತ್ತಿದ್ದರು.

ಆಮೇಲಿನದು ಬೇಗ ಹೇಳಿ ಮುಗಿಸುವೆ. ಎಚ್ಚೆನ್ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದಾಗ 1942ರ ಚಳವಳಿ ಬಂತು. ಓದು ಬಿಟ್ಟು ಜೈಲಿಗೆ ಹೋದರು. ಹೊರಗೆ ಬಂದು ಎಂ.ಎಸ್ಸಿ. ಮುಗಿಸಿದರು.

ಮರಳಿ ಬಂದವರು

1945ರಲ್ಲಿ ಹೈಸ್ಕೂಲು ನಡೆಸುತ್ತಿದ್ದ ಬಳಗವೇ ಬಸವನಗುಡಿಯಲ್ಲಿ ನ್ಯಾಷನಲ್ ಕಾಲೇಜು ತೆರೆಯಿತು. 1946ರಲ್ಲಿ ಎಚ್ಚೆನ್ ಅಲ್ಲಿ ಮೇಷ್ಟರಾದರು. ಅಮೆರಿಕದ ಓಹಿಯೋಗೆ ಹೋಗಿ ಪರಮಾಣು ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಿ ಬಂದರು. ಬಂದು ಅದೇ ಕಾಲೇಜಿನ ಪ್ರಿನ್ಸಿಪಾಲರಾದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು. ವಾರವಾರ ಯಾರು ಬೇಕಾದರೂ ಬಂದು ಕೂತು ವಿಜ್ಞಾನದ ಉಪನ್ಯಾಸ ಕೇಳಬಹುದಿತ್ತು. 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ. ಅಲ್ಲಿಂದಲೂ ಮರಳಿ ಬಂದದ್ದು ಬಸವನಗುಡಿಗೇ, ಕಾಲೇಜು ಹಾಸ್ಟೆಲಿನ ಕೋಣೆಗೇ. ಮದುವೆಯಾಗಲಿಲ್ಲ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೂ ಅವರ ಬದುಕು ಈ ಸಂಸ್ಥೆಯ ಸುತ್ತಲೇ ಇತ್ತು. ಅವರ ಮುಂದಾಳ್ತನದಲ್ಲಿ ಸಂಸ್ಥೆ ಗೌರಿಬಿದನೂರು, ಬಾಗೇಪಲ್ಲಿಗಳಲ್ಲೂ ಕಾಲೇಜು ತೆರೆಯಿತು. ತಾವು ನಡೆದು ಬಂದ ಸೀಮೆಯ ಮಕ್ಕಳು ಅಷ್ಟು ದೂರ ನಡೆಯಬಾರದು ಅಂತಲೇ ಇರಬೇಕು.

ಹಳೇ ವಿದ್ಯಾರ್ಥಿ ದೊಡ್ಡವರಾಗಿ, ವರ್ಷಕ್ಕೊಮ್ಮೆ ಬಂದು ಶಾಲು ಹೊದೆಸಿಕೊಂಡು ಹೋದರೆ ಶಾಲೆಗೆ ಒಂದು ಫೋಟೋ ಸಿಗುತ್ತದೆ. ಅವರೇ ಮೇಷ್ಟರಾಗಿ ಬಂದು ಉಳಿದರೆ ಐವತ್ತು ವರ್ಷ ಸಿಗುತ್ತದೆ. ಈ ಶಾಲೆಗೆ ಎರಡನೆಯದು ಸಿಕ್ಕಿತು. ಇದು ಯೋಜನೆ ಮಾಡಿ ತರುವ ಭಾಗ್ಯ ಅಲ್ಲ. ಆದ್ದರಿಂದ ಬೇರೆ ಶಾಲೆಗಳಿಗೆ ಮಾದರಿ ಅಂತ ಇದನ್ನು ಪೂರ್ತಿ ತೋರಿಸಲು ನಾನು ಹಿಂಜರಿಯುತ್ತೇನೆ.

ಒಂದು ತಮಾಷೆ. ಕಾಲೇಜು ಹುಟ್ಟಿದ ಮೇಲೆ ಶಾಲೆಯ ಹೆಸರು ಅದರ ನೆರಳಿಗೆ ಸರಿಯಿತು. 2017ರಲ್ಲಿ ಮೆಟ್ರೋ ಹಸಿರು ಮಾರ್ಗ ಇಲ್ಲಿಗೆ ಬಂದಾಗ ನಿಲ್ದಾಣಕ್ಕೆ ಇಟ್ಟದ್ದು "ನ್ಯಾಷನಲ್ ಕಾಲೇಜು" ಅಂತ. ವಯಸ್ಸಿನಲ್ಲಿ ಹೈಸ್ಕೂಲು 28 ವರ್ಷ ದೊಡ್ಡದು. ಹೈಸ್ಕೂಲುಗಳ ಹಣೆಬರಹವೇ ಇದು ಅಲ್ವಾ? ಅಕ್ಷರ ತಿದ್ದಿಸಿದ ಪ್ರೈಮರಿ ಮೇಷ್ಟರು ನೆನಪಿರುತ್ತಾರೆ, ಡಿಗ್ರಿ ಕೊಟ್ಟ ಕಾಲೇಜು ನೆನಪಿರುತ್ತದೆ. ನಡುವಿನ ಮೂರು ವರ್ಷ ಎಸ್‌ಎಸ್‌ಎಲ್‌ಸಿ ಭಯದಲ್ಲಿ ಕಳೆದುಹೋಗಿರುತ್ತದೆ.

ಗೋಡೆ ಮೇಲಿನ ಫೋಟೋಗಳು

ಹೆಸರಿನ ಮಾತು ಬಂದಾಗ ಓದಿ ಹೋದವರ ಪಟ್ಟಿ ತೆಗೆಯುವುದು ಎಲ್ಲ ಶಾಲೆಗಳ ಅಭ್ಯಾಸ. ಈ ಶಾಲೆಗೆ ತೆಗೆಯಲು ಅನಿಲ್ ಕುಂಬ್ಳೆ ಇದ್ದಾರೆ. ಟೆಸ್ಟ್ ಕ್ರಿಕೆಟ್ಟಿನಲ್ಲಿ 619 ವಿಕೆಟ್, 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತಕ್ಕೆ ಹತ್ತೂ ವಿಕೆಟ್. ಹೆಮ್ಮೆ ಪಡಲಿ. ಆದರೆ ಅದರಲ್ಲಿ ಶಾಲೆಯದೆಷ್ಟು, ಬಸವನಗುಡಿಯ ಕ್ರಿಕೆಟ್ ಕ್ಲಬ್ಬುಗಳದೆಷ್ಟು, ಮೈದಾನಗಳದೆಷ್ಟು, ಮನೆಯದೆಷ್ಟು ಅಂತ ಬಿಡಿಸಿ ಹೇಳಲು ಆಗುತ್ತದಾ?

ಪಕ್ಕದ ಉದಾಹರಣೆ ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ. ಅದೇ ಬಸವನಗುಡಿಯ ಆಚಾರ್ಯ ಪಾಠಶಾಲೆಯಿಂದ 1947ರಲ್ಲಿ ಎಸ್‌ಎಸ್‌ಎಲ್‌ಸಿ ಪಾಸು ಮಾಡಿ ಹೊರಬಂದವರು ಸಿ.ಎನ್.ಆರ್. ರಾವ್, ಮುಂದೆ ಭಾರತರತ್ನ ಪಡೆದ ವಿಜ್ಞಾನಿ. ಒಂದೇ ಬಡಾವಣೆಯ ಎರಡು ಶಾಲೆ. ಎರಡರಿಂದಲೂ ದೊಡ್ಡವರು ಬಂದರು ಅಂದರೆ ಬಡಾವಣೆಯಲ್ಲೇ ಏನೋ ಇತ್ತು ಅಂತಾಯಿತು. ಓದುವ ಮನೆಗಳು, ಹತ್ತಿರದ ಲೈಬ್ರರಿ, ಸಂಜೆಯ ಉಪನ್ಯಾಸಗಳು. ಗೋಡೆ ಮೇಲಿನ ಫೋಟೋಗಳು ಊರಿನ ಚರಿತ್ರೆಯನ್ನೂ ಹೇಳುತ್ತವೆ. ಪೂರ್ತಿ ಕೀರ್ತಿಯನ್ನು ಶಾಲೆಯೊಂದೇ ಕಟ್ಟಿಕೊಂಡು ಹೋಗುವಂತಿಲ್ಲ.

ಈಗಿನ ಅಳತೆ

ಇವತ್ತು ಹೈಸ್ಕೂಲಿನ ಸ್ಥಾನ ಅಂದರೆ ಶೇಕಡಾವಾರು ಫಲಿತಾಂಶ. ಮೇ ತಿಂಗಳಲ್ಲಿ ಗೇಟಿನ ಮುಂದೆ ಫ್ಲೆಕ್ಸ್ ಏಳುತ್ತದೆ. 625ಕ್ಕೆ 600 ದಾಟಿದ ಮಕ್ಕಳ ಫೋಟೋ, ಕೆಳಗೆ "ಶೇ 100". ಈ ಅಳತೆ ಎಷ್ಟು ಗಟ್ಟಿ ಅಂತ ನೋಡಲು ಇಡೀ ರಾಜ್ಯದ ಅಂಕಿ ಸಾಕು. 2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಕುಸಿಯಿತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೂ ಶೇ 73.40ಕ್ಕೆ ನಿಂತಿತು. 2025ರ ಮೊದಲ ಪರೀಕ್ಷೆಯಲ್ಲಿ, ಆ ಕೃಪಾಂಕ ತೆಗೆದ ಮೇಲೆ, ಶೇ 62.34. ಎರಡು ವರ್ಷದಲ್ಲಿ ಮಕ್ಕಳು ಇಷ್ಟು ದಡ್ಡರಾದರಾ? ಮೇಷ್ಟರುಗಳು ಪಾಠ ಮಾಡುವುದನ್ನೇ ಬಿಟ್ಟರಾ? ಬದಲಾದದ್ದು ಕ್ಯಾಮೆರಾ ಮತ್ತು ಕೃಪಾಂಕ. ಹಾಗಿದ್ದರೆ ಹಳೆಯ ಅಂಕಿಯ ಮೇಲೆ ಶಾಲೆಗಳಿಗೆ ಕೊಟ್ಟ ಹೆಸರಿನ ಗತಿ ಏನು?

ಅದೇ 2025ರಲ್ಲಿ ದಕ್ಷಿಣ ಕನ್ನಡದ ಫಲಿತಾಂಶ ಶೇ 91.12, ಕಲಬುರಗಿಯದು ಶೇ 42.43. ಇಷ್ಟು ದೊಡ್ಡ ಅಂತರ ಒಂದೊಂದು ಶಾಲೆಯ ಗುಣದಿಂದ ಬರುವುದಿಲ್ಲ. ಮನೆಯಲ್ಲಿ ಓದಿದವರಿದ್ದಾರಾ, ಮೇಷ್ಟರ ಹುದ್ದೆ ತುಂಬಿದೆಯಾ, ಮಗು ಶಾಲೆ ಬಿಟ್ಟು ಅಪ್ಪ ಅಮ್ಮನ ಜೊತೆ ಗುಳೆ ಹೋಗುತ್ತದಾ, ಇವೆಲ್ಲ ಆ ಅಂಕಿಯೊಳಗೆ ಕೂತಿವೆ.

ಇನ್ನೊಂದು ಕಡೆ, ಬಸವನಗುಡಿಯಂಥ ಕಡೆ ಶಾಲೆಗಳ ಸುತ್ತಲಿನ ನೆಲವೇ ಬದಲಾಗಿದೆ. ಒಂದು ಕಾಲಕ್ಕೆ ಬಡಾವಣೆಯ ವಕೀಲರ ಮಗ, ಅವರ ಮನೆಗೆಲಸದವರ ಮಗ ಒಂದೇ ಬೆಂಚಿನಲ್ಲಿ ಕೂರುವ ಸಾಧ್ಯತೆ ಇತ್ತು. ಈಗ ಅನುಕೂಲಸ್ಥರ ಮಕ್ಕಳು ಸಿಬಿಎಸ್‌ಇ, ಐಸಿಎಸ್‌ಇ ಕಡೆ ಹೋಗುತ್ತಾರೆ. ಪ್ರೈಮರಿಯಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಇಂಗ್ಲಿಷ್ ಮಾಧ್ಯಮದ ಓಟಕ್ಕೆ ಇದ್ದ ಕೊನೆಯ ಅಡ್ಡಿಯೂ ಹೋಯಿತು. ರಾಜ್ಯದ ಎಷ್ಟೋ ಹಳೆಯ ಅನುದಾನಿತ ಹೈಸ್ಕೂಲುಗಳಲ್ಲಿ ಕನ್ನಡ ಮಾಧ್ಯಮದ ತರಗತಿಗಳು ಖಾಲಿಯಾಗುತ್ತಿವೆ. ನಿವೃತ್ತರಾದ ಮೇಷ್ಟರ ಜಾಗ ವರ್ಷಗಟ್ಟಲೆ ತುಂಬುವುದಿಲ್ಲ. ಆಡಳಿತ ಮಂಡಳಿ ಕಡಿಮೆ ಸಂಬಳಕ್ಕೆ ಯಾರನ್ನಾದರೂ ತಂದು ನಿಲ್ಲಿಸುತ್ತದೆ, ಅವರು ಸುಮ್ನೆ ಒಂದೆರಡು ವರ್ಷ ಇದ್ದು ಹೋಗುತ್ತಾರೆ. "ಹಿಂದೆ ಚೆನ್ನಾಗಿತ್ತು" ಅನ್ನುವ ಮಾತಿನ ಹಿಂದೆ ಇಷ್ಟೆಲ್ಲ ಇದೆ. ಮಕ್ಕಳ ಮನೆಗಳು ಬದಲಾದಾಗ ಫಲಿತಾಂಶ ಇಳಿದರೆ ಅದನ್ನು ಶಾಲೆ ಕೆಟ್ಟಿತು ಅಂತ ಓದುವುದು ಅನ್ಯಾಯ. ಬರಿಗೈಯಲ್ಲಿ ಬಂದ ಮಕ್ಕಳನ್ನು ಸೇರಿಸಿಕೊಂಡು ಶೇ 70 ತರುವ ಶಾಲೆ, ಆರಿಸಿ ಸೇರಿಸಿಕೊಂಡು ಶೇ 100 ತರುವ ಶಾಲೆಗಿಂತ ಹೆಚ್ಚು ಕೆಲಸ ಮಾಡಿರುತ್ತದೆ.

ಶೇ 100ರ ಒಳಗುಟ್ಟು ಮೇಷ್ಟರುಗಳಿಗೆಲ್ಲ ಗೊತ್ತು. ಒಂಬತ್ತನೇ ತರಗತಿಯಲ್ಲಿ ಹಿಂದುಳಿದ ಮಗುವಿನ ಅಪ್ಪ ಅಮ್ಮನನ್ನು ಕರೆಸಿ "ಟಿ.ಸಿ. ತಗೊಂಡು ಹೋಗಿ" ಅನ್ನುವುದು. ಇಲ್ಲವೇ ಖಾಸಗಿ ಅಭ್ಯರ್ಥಿಯಾಗಿ ಕೂರಿಸುವುದು. ಪರೀಕ್ಷೆಗೆ ಕೂತವರಲ್ಲಿ ಎಲ್ಲರೂ ಪಾಸು. ಕೂರದವರ ಲೆಕ್ಕ ಫ್ಲೆಕ್ಸಿನಲ್ಲಿ ಇರುವುದಿಲ್ಲ.

ಅದಕ್ಕೇ ನನ್ನ ಮಟ್ಟಿಗೆ ಹೈಸ್ಕೂಲಿನ ಸ್ಥಾನ ನೋಡುವ ಮೊದಲ ಅಂಕಿ ಇದು: ಎಂಟನೇ ತರಗತಿಗೆ ಎಷ್ಟು ಮಕ್ಕಳು ಸೇರಿದರು, ಅವರಲ್ಲಿ ಎಷ್ಟು ಜನ ಅದೇ ಶಾಲೆಯಿಂದ ಹತ್ತನೇ ತರಗತಿ ಪರೀಕ್ಷೆ ಬರೆದರು. ಅದರ ಜೊತೆಗೆ, ಸೇರಿದವರಲ್ಲಿ ಮನೆಯಲ್ಲೇ ಮೊದಲ ಬಾರಿಗೆ ಹೈಸ್ಕೂಲು ಮೆಟ್ಟಿಲು ಹತ್ತಿದವರು ಎಷ್ಟು, ಐದು ವರ್ಷಕ್ಕಿಂತ ಹೆಚ್ಚು ಕಾಲ ಅಲ್ಲೇ ಇರುವ ಮೇಷ್ಟರು ಎಷ್ಟು ಜನ. ದಾಖಲಾತಿ ರಿಜಿಸ್ಟರ್ ಪ್ರತಿ ಶಾಲೆಯಲ್ಲೂ ಇದೆ. ಈಗ ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಪ್ರತಿ ಮಗುವಿನ ಹೆಸರೂ ಇದೆ. ಈ ಲೆಕ್ಕ ತೆಗೆಯಲು ಶಾಲೆಯ ಆಫೀಸಿಗೆ ಒಂದು ಮಧ್ಯಾಹ್ನ ಸಾಕು. ಹಳೆಯ ವಿದ್ಯಾರ್ಥಿಗಳ ಸಂಘಗಳು ಹೊಸ ಕಮಾನು ಕಟ್ಟಿಸಲು ಚಂದಾ ಎತ್ತುವ ಮೊದಲು ಈ ಅಂಕಿಯನ್ನು ಕೇಳಿ ಪಡೆಯಲಿ. ನಡುವೆ ಬಿಟ್ಟುಹೋದ ಮಕ್ಕಳು ಯಾಕೆ ಬಿಟ್ಟರು ಅಂತ ವಿಚಾರಿಸಲಿ. ಬಸ್ ಪಾಸು, ಹಾಸ್ಟೆಲ್ ಫೀಸು, ಸಂಜೆ ಗಣಿತ ಹೇಳಿಕೊಡುವ ಒಬ್ಬ ಮೇಷ್ಟರ ಸಂಬಳ, ಯಾವುದಕ್ಕೆ ದುಡ್ಡು ಹಾಕಬೇಕು ಅನ್ನುವುದು ಆ ಉತ್ತರಗಳಿಂದಲೇ ತಿಳಿಯುತ್ತದೆ.